ದೇವೀರಮ್ಮನ ತವರು

ದೇವೀರಮ್ಮ ಎಲ್ಲಿಗೆ ಹೋದರೂ ಹಿಂಬಾಗಿಲಿನಿಂದಲೇ ಒಳಗೆ ಬರುತ್ತಿದ್ದರು. ಕದ್ದು ಬರುತ್ತಿದ್ದರು ಅಂತಲ್ಲ. ಅಷ್ಟು ದೊಡ್ಡ ದನಿಯ ಹೆಂಗಸು ಕದ್ದು ಬರುವುದಾದರೂ ಹೇಗೆ? ಚಪ್ಪಲಿ ಬಿಟ್ಟು, ನೇರ ಅಡುಗೆಮನೆಗೆ ನುಗ್ಗಿ, ಒಲೆಯ ಮೇಲಿದ್ದ ಪಾತ್ರೆಯ ಮುಚ್ಚಳ ಎತ್ತಿ, ಸೌಟು ಹಾಕಿ ಒಂದು ಸಲ ತಿರುವಿ, ಆಮೇಲೆ "ಎಲ್ರೂ ಚೆಂದಾಗಿದ್ದೀರಾ?" ಎಂದು ಕೇಳುವುದು ಅವರ ಕ್ರಮ. ನಾನು ಅವರನ್ನು ಮೊದಲು ಕಂಡಾಗಲೂ ಕೈಯಲ್ಲಿ ಮುಚ್ಚಳ ಹಿಡಿದೇ ನಿಂತಿದ್ದರು. ಅದು ಯಾರ ಮನೆಯೂ ಅಲ್ಲ, ಕನಕಪುರದ ಹೊರಗೆ ರಾಮನಗರದ ರಸ್ತೆಯಲ್ಲಿದ್ದ ಒಂದು ಹೋಮಿನ ಅಡುಗೆಮನೆ.

"ಈ ಸಾರಲ್ಲಿ ಬ್ಯಾಳೆ ಹುಡುಕ್ಬೇಕು ಅಂದ್ರೆ ಮೀನಿನ ಬಲೆ ತರ್ಬೇಕಾಯ್ತದೆ ಕಣವ್ವ" ಎಂದು ಅಡುಗೆಯವಳಿಗೆ ಹೇಳುತ್ತಿದ್ದರು. ಅಡುಗೆಯವಳಿಗೆ ನಗು ತಡೆಯಲಾಗದೆ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು.

ಹಾಸಿಗೆ ಹಿಡಿದವರನ್ನು, ಹುಟ್ಟಿದಾಗಿನಿಂದ ಕೈಕಾಲು ಸ್ವಾಧೀನವಿಲ್ಲದವರನ್ನು ನೋಡಿಕೊಳ್ಳಲು ಒಂದು ಟ್ರಸ್ಟಿನವರು ಕಟ್ಟಿಸಿದ್ದ ಹೋಮು ಅದು. ಹಾರೋಹಳ್ಳಿಯಲ್ಲಿ ಒಂದರ ಪಕ್ಕ ಒಂದು ಕಾರ್ಖಾನೆ ಏಳುತ್ತಿದ್ದ ವರ್ಷಗಳು. ಹಗಲು ಹೊತ್ತು ಮನೆಯಲ್ಲಿರುತ್ತಿದ್ದ ಹೆಂಗಸರೂ ಶಿಫ್ಟಿಗೆ ಹೋಗತೊಡಗಿದ್ದರಿಂದ ಇಂಥ ಜಾಗಗಳು ಬೇಕಾಗಿದ್ದವು. ಪಾರ್ಶ್ವವಾಯು ಬಡಿದ ನನ್ನ ಸೋದರಮಾವ ಅಲ್ಲಿದ್ದರು. ಕನಕಪುರದಲ್ಲಿ ಹೈಸ್ಕೂಲು ಮೇಷ್ಟ್ರಾಗಿದ್ದ ನಾನು ಭಾನುವಾರ ಬಾಳೆಹಣ್ಣು ಹಿಡಿದು ಹೋಗಿ, ಅರ್ಧ ಗಂಟೆ ಕೂತು, ಒಳ್ಳೆಯ ಅಳಿಯ ಅನ್ನಿಸಿಕೊಂಡು ಬರುತ್ತಿದ್ದೆ. ಮಾವನ ಪಕ್ಕದ ಮಂಚ ದೇವೀರಮ್ಮನ ತಮ್ಮ ಶಿವಣ್ಣನದು.

ಶಿವಣ್ಣನಿಗೆ ಮಾತಿರಲಿಲ್ಲ. ಕೈಕಾಲು ಸೆಟೆದುಕೊಂಡಿದ್ದವು. ರಸ್ತೆಯಲ್ಲಿ ಬಸ್ಸು ಹಾರ್ನ್ ಹೊಡೆದರೆ ಮಾತ್ರ ಮುಖವೆಲ್ಲ ಅರಳಿಸಿ ನಗುತ್ತಿದ್ದ. ವಿರೂಪಾಕ್ಷಿಪುರದ ಮನೆಯ ಜಗಲಿಯ ಮೇಲೆ ತಾಯಿ ಅವನನ್ನು ಮಗುವಿನಂತೆ ಸಾಕಿದ್ದರು. ತಾಯಿ ತೀರಿಕೊಂಡ ಮೇಲೆ ದೇವೀರಮ್ಮ ಅವನನ್ನು ಹಾರೋಹಳ್ಳಿಯಲ್ಲಿದ್ದ ತಮ್ಮ ಒಂದೇ ಕೋಣೆಯ ಬಾಡಿಗೆ ಮನೆಗೆ ಕರೆತಂದರು. ಅವರಿಗೆ ಕಾರ್ಖಾನೆಯ ಪ್ಯಾಕಿಂಗ್ ಸೆಕ್ಷನ್ನಿನಲ್ಲಿ ಕೆಲಸ, ಗಂಡ ಇನ್ನೊಂದು ಕಾರ್ಖಾನೆಯಲ್ಲಿ ವಾಚ್‌ಮನ್. ಇಬ್ಬರೂ ಇಲ್ಲದ ಹೊತ್ತಿನಲ್ಲಿ ಶಿವಣ್ಣ ಉರುಳಿಕೊಂಡು ಹೋಗಿ ಒಲೆಯ ಕೆಂಡಕ್ಕೆ ಮೊಣಕೈ ತಾಗಿಸಿಕೊಂಡ. ಹೊರಗಿನಿಂದ ಬೀಗ ಹಾಕಿತ್ತು. ಅಕ್ಕಪಕ್ಕದವರು ಬಾಗಿಲು ಮುರಿದು ಎತ್ತಿಕೊಂಡರಂತೆ. ಅದಾದ ಮೇಲೆ ಬೇರೆ ದಾರಿಯಿಲ್ಲದೆ ಹೋಮಿಗೆ ಸೇರಿಸಿದ್ದರು.

ಮುಚ್ಚಳ ಹಿಡಿದು ನಿಂತ ದೇವೀರಮ್ಮನ ಹತ್ತಿರ ಮ್ಯಾನೇಜರ್ ಬಂದರು. ಇಸ್ತ್ರಿ ಮಾಡಿದ ಅಂಗಿಯ, ದನಿ ಎತ್ತರಿಸದ ಮನುಷ್ಯ. "ಭಾನುವಾರ ಮಾತ್ರ ವಿಸಿಟಿಂಗ್ ಟೈಮ್ ಅಮ್ಮಾ. ಅದೂ ಮುಂದಿನ ಬಾಗಿಲಿಂದ ಬರಬೇಕು" ಎಂದರು.

"ನಂಗೆ ಅವ್ವ ಇಲ್ಲ, ಅಪ್ಪ ಇಲ್ಲ. ಊರಲ್ಲಿ ಮನೆಗೆ ಬೀಗ ಬಿದ್ದೈತೆ. ತವ್ರು ಅಂತ ಉಳ್ದಿರಾದು ಈ ತಮ್ಮ ಒಬ್ನೇ. ಅವ್ನು ಎಲ್ಲಿರ್ತಾನೋ ಅದೇ ನನ್ನ ತವ್ರುಮನೆ. ತವ್ರಿಗೆ ಬರಕ್ಕೆ ಹೆಣ್ಮಗ್ಳು ಟೈಮ್ ಕೇಳ್ಬೇಕಾ ಸಾಮಿ?" ಎಂದರು ದೇವೀರಮ್ಮ.

ತಮಾಷೆಯೆಂದುಕೊಂಡು ಮ್ಯಾನೇಜರ್ ನಕ್ಕುಬಿಟ್ಟರು. ತಮಾಷೆಯಾಗಿರಲಿಲ್ಲ. ಅಂದಿನಿಂದ ದೇವೀರಮ್ಮ ಶಿಫ್ಟು ಮುಗಿಸಿ, ನೀಲಿ ಕೋಟನ್ನು ಚೀಲಕ್ಕೆ ತುರುಕಿಕೊಂಡು, ಮನಸ್ಸು ಬಂದ ದಿನ ಬಂದುಬಿಡುತ್ತಿದ್ದರು. ಮನೆಮಗಳ ಹಾಗೆ ಅಡುಗೆಮನೆ ನೋಡಿ, ಬಚ್ಚಲು ನೋಡಿ, ಒಗೆದು ಹಾಕಿದ ಬಟ್ಟೆ ಮೂಸಿ ನೋಡಿ, ಆಮೇಲೆ ತಮ್ಮನ ಪಕ್ಕ ಕೂರುತ್ತಿದ್ದರು. ಮೆತ್ತಗೆ ಕಿವುಚಿದ ಮುದ್ದೆಯನ್ನು ಒಂದು ತುತ್ತು ಬಾಯಿಗಿಟ್ಟರೆ ಅವನ ಗಂಟಲು ಅಲ್ಲಾಡುವವರೆಗೂ ಎರಡನೇ ತುತ್ತು ಮುಟ್ಟುತ್ತಿರಲಿಲ್ಲ. ತಮ್ಮನಿಗೆ ತಂದ ಹರಳೆಣ್ಣೆಯನ್ನೇ ನನ್ನ ಮಾವನ ತಲೆಗೂ ತಟ್ಟುತ್ತಿದ್ದರು. ನನ್ನನ್ನೂ ಬಿಡುತ್ತಿರಲಿಲ್ಲ. "ಮೇಷ್ಟ್ರೇ, ಬಾಳೆಹಣ್ಣು ಆಮೇಲ್ ಕೊಡೀರಂತೆ. ನಿಮ್ಮ ಮಾವಂದು ಕಾಲುಗುರು ನೋಡಿದ್ದೀರಾ? ಕೋಳಿ ಕಾಲಾಗೈತೆ" ಎನ್ನುವರು. ಮಾವನಿಗೆ ಅರ್ಧ ಬಾಯಿ ಮಾತ್ರ ಆಡುತ್ತಿತ್ತು. ಆ ಅರ್ಧ ಬಾಯಲ್ಲೇ ನನ್ನನ್ನು ನೋಡಿ ಕಿಸಕ್ಕನೆ ನಗುವರು. ನನಗೆ ಸಿಟ್ಟು ಬರುತ್ತಿತ್ತು, ಆದರೂ ಮುಂದಿನ ವಾರ ಉಗುರು ಕತ್ತರಿ ತೆಗೆದುಕೊಂಡು ಹೋದೆ.

ಕಾರ್ಖಾನೆಯಲ್ಲಿ ಬಿಡುವು ಸಿಗದೆ ಮೂರು ವಾರ ತಪ್ಪಿದ ಮೇಲೆ, ಒಂದು ಭಾನುವಾರ ಮಧ್ಯಾಹ್ನ ಅವರು ಬಂದು ಶಿವಣ್ಣನ ಹೊದಿಕೆ ಸರಿಸಿದರು. ಬಲಗೈಯನ್ನು ಹಳೆಯ ಸೀರೆಯ ತುಂಡಿನಿಂದ ಮಂಚದ ಕಂಬಿಗೆ ಕಟ್ಟಿತ್ತು. ಮಗ್ಗುಲು ತಿರುಗಿಸಿದರೆ ಸೊಂಟದ ಕೆಳಗೆ ಅಂಗೈಯಗಲ ಹುಣ್ಣು. ಮಲಗಿದಲ್ಲೇ ಮಲಗಿ ಚರ್ಮ ಕೊಳೆತಿತ್ತು. ವಾಸನೆಗೆ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ದೇವೀರಮ್ಮ ಬಗ್ಗಿ ನೋಡಿದರು. ಬಾಗಿಲ ಬಳಿ ಹೆದರಿ ನಿಂತಿದ್ದ ಆಯಾ ರತ್ನಮ್ಮನನ್ನು ಕರೆದರು.

"ಬೀಳ್ತಾನೆ ಅಂತ ಕಟ್ಟಿದ್ದು ಅಕ್ಕಾ" ಎಂದಳು ರತ್ನಮ್ಮ. "ಇಡೀ ವಾರ್ಡಿಗೆ ನಾವಿಬ್ರೇ. ಒಬ್ಬನ್ನ ತಿರುಗ್ಸೋ ಹೊತ್ಗೆ ಇನ್ನೊಬ್ಬ ಒದ್ದೆ ಮಾಡ್ಕೊಂಡಿರ್ತಾನೆ."

"ನಿನ್ನ ಬಯ್ಯಾಕಿಲ್ಲ ಕಣವ್ವ. ನಿಮ್ಮಿಬ್ಬರ ಕೈಲಿ ಎಷ್ಟು ಅಂತ ಆಯ್ತದೆ" ಎಂದು ಅವಳ ಕೈ ಹಿಡಿದು ಒತ್ತಿ, ಗಂಟು ಬಿಚ್ಚಿ, ಸೀದಾ ಮ್ಯಾನೇಜರ್ ಕೋಣೆಗೆ ಹೋದರು. ನಾನು ಬಾಗಿಲಾಚೆ ನಿಂತಿದ್ದೆ. ಜಗಳದ ಸದ್ದು ಕೇಳುತ್ತದೆಂದು ಕಾದರೆ ಮ್ಯಾನೇಜರ್ ಎಂದಿನ ಮೆದು ದನಿಯಲ್ಲೇ, "ನಮ್ಮ ಸೇವೆ ನಿಮಗೆ ಸರಿಬರದಿದ್ರೆ ಕರ್ಕೊಂಡು ಹೋಗಿ ಅಮ್ಮಾ. ಬಲವಂತ ಏನಿಲ್ಲ" ಎಂದದ್ದಷ್ಟೇ ಕೇಳಿಸಿತು. ದೇವೀರಮ್ಮ ಹೊರಗೆ ಬಂದು, ಚೀಲ ಎತ್ತಿಕೊಂಡು ರಸ್ತೆಯ ಕಡೆ ನಡೆದರು.

ಬಸ್ ಸ್ಟಾಪಿನವರೆಗೆ ಜೊತೆಗೆ ನಡೆದೆ. "ಎಲ್ಲಿಗೆ ಕರ್ಕೊಂಡೋಗ್ಲಿ ಮೇಷ್ಟ್ರೇ? ತಿರ್ಗಾ ಬೀಗ ಹಾಕಿ ಒಲೆ ಮುಂದ್ಕೆ ಬುಟ್ಟು ಹೋಗ್ಲಾ? ನಂಗೆ ಬ್ಯಾರೆ ಜಾಗ ಇಲ್ಲ ಅಂತ ತಿಳ್ಕಂಡೇ ಆವಯ್ಯ ಹಂಗಂದದ್ದು" ಎಂದು ಕಣ್ಣೊರೆಸಿಕೊಂಡರು.

ಮೇಲಿನವರಿಗೆ ಅರ್ಜಿ ಬರೆದುಕೊಡುತ್ತೇನೆ ಎಂದೆ. ಮೇಷ್ಟ್ರುಗಳಿಗೆ ಬೇರೆ ಏನು ಬರುತ್ತದೆ?

"ಅರ್ಜಿ ಓದೋರ ಮೂಗಿಗೆ ಈ ವಾಸ್ನೆ ಹೊಡ್ಯಾಕಿಲ್ಲ" ಎಂದರು. ಬಸ್ಸು ಬಂತು. ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿ, "ಒಬ್ಳು ಕೇಳುದ್ರೆ ಒಬ್ಬನ್ನ ಕರ್ಕೊಂಡೋಗು ಅಂತಾನೆ. ಎಲ್ರ ಅಕ್ಕ ತಂಗೀರೂ ಬಂದು ಕೇಳುದ್ರೆ? ಅಷ್ಟೂ ಜನನೂ ಕಳ್ಸಿ ಖಾಲಿ ಮಂಚ ಕಾಯ್ತಾನಾ?" ಎಂದರು. ಕಣ್ಣು ಇನ್ನೂ ಒದ್ದೆಯಿತ್ತು, ಮುಖದಲ್ಲಿ ಮಾತ್ರ ಹಳೆಯ ದೇವೀರಮ್ಮ ಬಂದು ಕೂತಾಗಿತ್ತು.

ಆಮೇಲೆ ವಾರದ ರಜೆ ಬಂತೆಂದರೆ ಅವರ ಸವಾರಿ ಹೊರಡುತ್ತಿತ್ತು. ಯಾರ ಅಕ್ಕ ಎಲ್ಲಿದ್ದಾಳೆ, ಯಾರ ತಂಗಿಯನ್ನು ಯಾವ ಊರಿಗೆ ಕೊಟ್ಟಿದೆ ಎಂದು ವಾರ್ಡಿನಲ್ಲಿ ಕೇಳಿಕೊಂಡು, ಬಸ್ಸು ಬದಲಿಸಿ ಮಾಗಡಿಗೆ ಹೋದರು, ಚನ್ನಪಟ್ಟಣದ ಕಡೆಯ ಹಳ್ಳಿಗಳಿಗೆ ಹೋದರು. ಅಲ್ಲೂ ಹಿಂಬಾಗಿಲಿನಿಂದಲೇ ಹೋಗಿರಬೇಕು. "ಗೌರಿ ಹಬ್ಬಕ್ಕೆ ತವ್ರಿಗೆ ಬಾ ತಾಯಿ. ನಿನ್ನ ತಮ್ಮ ಕಾಯ್ತಾವ್ನೆ" ಎಂದು ಕುಂಕುಮ ಕೊಟ್ಟು ಕರೆದರಂತೆ. ನಮ್ಮ ಕಡೆ ಗೌರಿ ಹಬ್ಬಕ್ಕೆ ಅಣ್ಣತಮ್ಮಂದಿರು ಹೆಣ್ಣುಮಕ್ಕಳಿಗೆ ಬಾಗಿನ ಕೊಡಬೇಕು. ಆ ದಿನ ತವರಿನಲ್ಲಿ ಹೆಣ್ಣುಮಗಳು ಸೆರಗೊಡ್ಡಿ ಕೇಳಿದ್ದಕ್ಕೆ ಇಲ್ಲ ಅನ್ನುವ ಗಂಡಸು ಊರಲ್ಲಿ ತಲೆಯೆತ್ತಿ ತಿರುಗುವುದು ಕಷ್ಟ.

ವಾರ್ಡಿನಲ್ಲಿ ಗೌರಿ ಹಬ್ಬ ಮಾಡುತ್ತೇವೆಂದು ಹೇಳಿದಾಗ ಮ್ಯಾನೇಜರಿಗೆ ಬಲು ಖುಷಿಯಾಯಿತು. ಹೋಮಿಗೆ ಹೆಸರು ಬರುತ್ತದೆಂದು ಶಾಮಿಯಾನ ಹಾಕಿಸಿದರು, ಫೋಟೋದವನನ್ನು ಕರೆಸಿದರು. ಸಾಲದೆಂದು ಟ್ರಸ್ಟಿನ ಅಧ್ಯಕ್ಷರನ್ನೂ ತಾವಾಗಿಯೇ ಆಹ್ವಾನಿಸಿದರು. ಇದನ್ನು ಕೇಳಿ ದೇವೀರಮ್ಮ, "ಗೌರಮ್ಮನೇ ಅವ್ನ ಬಾಯಲ್ಲಿ ಕೂತು ಕರ್ಸವ್ಳೆ" ಎಂದು ಕೈಮುಗಿದರು.

ಹಬ್ಬದ ದಿನ ಹೊಸ ಸೀರೆ, ಹೂವು, ಗಾಜಿನ ಬಳೆಗಳ ಸದ್ದು. ವಾರ್ಡಿನ ಫಿನಾಯಿಲ್ ವಾಸನೆಗೆ ಮಲ್ಲಿಗೆ ಬೆರೆತಿತ್ತು. ವರ್ಷಗಟ್ಟಲೆ ಅಕ್ಕತಂಗಿಯರ ಮುಖ ಕಾಣದ ಗಂಡಸರು ಮಲಗಿದಲ್ಲೇ ಅಳುತ್ತಿದ್ದರು. ರಾಮನಗರದ ರೇಷ್ಮೆ ನೂಲು ತೆಗೆಯುವ ಮನೆಯಿಂದ ಫರೀದಾ ಬುರ್ಖಾ ತೊಟ್ಟು, ಡಬ್ಬಿ ತುಂಬ ಶ್ಯಾವಿಗೆ ಪಾಯಸ ಹಿಡಿದು ಬಂದಿದ್ದರು. "ನಮ್ಮಲ್ಲಿ ಈ ಹಬ್ಬ ಇಲ್ಲ ಅಕ್ಕಾ. ಆದ್ರೆ ತಮ್ಮ ಇದಾನಲ್ಲ" ಎಂದು ತಮ್ಮನ ಮಂಚದ ತುದಿಯಲ್ಲಿ ಕೂತರು. ದೇವೀರಮ್ಮ ಬಾಗಿನದ ಮೊರವನ್ನು ಶಿವಣ್ಣನ ಮಡಿಲಿಗಿಟ್ಟು, ಅವನ ಸೆಟೆದ ಕೈಗಳನ್ನು ತಾವೇ ಎತ್ತಿ ಹಿಡಿದು, ಆ ಕೈಗಳಿಂದ ಬಾಗಿನ ತೆಗೆದುಕೊಂಡರು. ಶಿವಣ್ಣ ಮೊರ ಬಿಡಲೊಲ್ಲ. "ಬುಡ್ಲಾ, ಜುಗ್ಗ" ಎಂದು ಅವರು ಗದರಿದಾಗ ಎಲ್ಲರೂ ನಕ್ಕರು.

ಅಧ್ಯಕ್ಷರು ಬಿಳಿ ಪಂಚೆ, ಜರಿ ಶಲ್ಯದಲ್ಲಿ ಬಂದು "ತಾಯಂದಿರೇ" ಎಂದು ಶುರುಮಾಡುವಷ್ಟರಲ್ಲಿ ದೇವೀರಮ್ಮ ಎದುರಿಗೆ ಬಂದು ಸೆರಗೊಡ್ಡಿ ನಿಂತರು. ಇಲ್ಲಿ ಏನಾದರೂ ತಪ್ಪಿದರೆ ಸಾಯಂಕಾಲವೇ ತಮ್ಮನನ್ನು ಹೊತ್ತುಕೊಂಡು ರಸ್ತೆಗೆ ನಡೆಯಬೇಕಾಗಿತ್ತು.

"ಅಣ್ಣಾ. ನೀವು ಈ ಮನೆ ಯಜಮಾನ್ರು. ಅಂದ್ಮೇಲೆ ನಂಗೂ ಅಣ್ಣನೇ. ಸೀರೆ ಬ್ಯಾಡ, ಬಳೆ ಬ್ಯಾಡ. ನನ್ನ ತಮ್ಮನ್ನ ಕಟ್ಟಾಕ್ಬ್ಯಾಡಿ. ಹೊತ್ತೊತ್ಗೆ ಮಗ್ಗುಲು ತಿರುಗ್ಸಿ ಮನಗ್ಸಿ. ಅಷ್ಟು ಮಾಡಕ್ಕೆ ಈ ಆಯಾ ಹೆಣ್ಮಕ್ಳ ಜೊತ್ಗೆ ಇನ್ನೊಸಿ ಜನ ಕೊಡಿ. ಅದೇ ನನ್ನ ಬಾಗಿನ" ಎಂದವರೇ ಶಿವಣ್ಣನ ಹೊದಿಕೆ ಎತ್ತಿದರು.

ಅಧ್ಯಕ್ಷರ ಕೈ ತಾನಾಗಿ ಶಲ್ಯವನ್ನು ಮೂಗಿಗೆ ಒಯ್ದಿತು. ಸುತ್ತ ಅಷ್ಟೂ ಹೆಂಗಸರು ತಮ್ಮನ್ನೇ ನೋಡುತ್ತಿದ್ದಾರೆಂದು ಅರಿವಾಗಿ ನಿಧಾನವಾಗಿ ಕೆಳಗಿಳಿಸಿದರು. ಫೋಟೋದವನು ಕ್ಯಾಮೆರಾ ಬಗ್ಗಿಸಿದ. ಮ್ಯಾನೇಜರ್ ಏನೋ ಹೇಳಹೋದರೆ ಅಧ್ಯಕ್ಷರು ಕೈ ಅಡ್ಡ ಹಿಡಿದು, "ಆಯ್ತು ಕಣಮ್ಮಾ" ಎಂದರು.

"ಆಯ್ತು ಅಂದ್ರೆ ಸಾಲ್ದು ಅಣ್ಣಾ. ಮಡ್ಲಿಗೆ ಹಾಕಿ ಹೇಳಿ."

ಅಧ್ಯಕ್ಷರು ಮೊರದಿಂದ ವೀಳ್ಯದೆಲೆ, ತೆಂಗಿನಕಾಯಿ ಎತ್ತಿ ಆ ಸೆರಗಿಗೆ ಹಾಕಿದರು. ಅವರ ಕಣ್ಣೂ ತುಂಬಿತ್ತು. ಹೆಂಗಸರು ಒಬ್ಬೊಬ್ಬರಾಗಿ ಸೆರಗೊಡ್ಡಿದರು, ಫರೀದಾ ಕೂಡ.

ಹೋಮು ಒಂದೇ ದಿನಕ್ಕೆ ಸ್ವರ್ಗವಾಗಲಿಲ್ಲ. ಸಾರು ಆಮೇಲೂ ಎಷ್ಟೋ ದಿನ ತೆಳ್ಳಗೇ ಇತ್ತು. ಆದರೆ ಹೊಸ ಆಯಾಗಳು ಬಂದರು, ಗಾಯ ತೊಳೆಯಲು ನರ್ಸು ಬಂದಳು, ಕಟ್ಟುವುದು ನಿಂತಿತು. ಬಾಗಿಲಿನ ಮೇಲಿದ್ದ ವಿಸಿಟಿಂಗ್ ಟೈಮಿನ ಬೋರ್ಡನ್ನು ಯಾರೋ ಬಿಚ್ಚಿದರು. ದೇವೀರಮ್ಮನೇ ಇರಬೇಕೆಂದು ನನ್ನ ಗುಮಾನಿ. ಮ್ಯಾನೇಜರನ್ನು ಅವರು ಒಂದು ಸಲವೂ ಹಂಗಿಸಲಿಲ್ಲ. ದೀಪಾವಳಿಗೆ ಮೊದಲ ಕಜ್ಜಾಯ ಅವರಿಗೇ ಕೊಟ್ಟು, "ಮೆತ್ತಗೈತೆ, ತಿನ್ನು ಮಗ" ಎಂದರು. ಇಂಥ ದೊಡ್ಡ ಮನಸ್ಸು ನನಗಂತೂ ಬರುತ್ತಿರಲಿಲ್ಲ.

ಶಿವಣ್ಣ ಮತ್ತೂ ಕೆಲವು ವರ್ಷ ಬಸ್ಸಿನ ಹಾರ್ನಿಗೆ ನಗುತ್ತಾ ಬದುಕಿದ. ಒಂದು ಚಳಿಗಾಲ ಎದೆಗೆ ಕಫ ಕಟ್ಟಿ, ಅಕ್ಕನ ತೊಡೆಯ ಮೇಲೆ ತೀರಿಕೊಂಡ. ಆಮೇಲೆ ದೇವೀರಮ್ಮ ಆ ಕಡೆ ಬರಲಿಲ್ಲ. ಗಂಡನಿಗೆ ಬೇರೆ ಕಡೆ ಕೆಲಸ ಸಿಕ್ಕಿ ಹಾರೋಹಳ್ಳಿ ಬಿಟ್ಟರೆಂದು ಕೇಳಿದೆ. ನಾನು ಅವರನ್ನು ಕೊನೆಯದಾಗಿ ನೋಡಿದ್ದು ಶಿವಣ್ಣನನ್ನು ಊರಿಗೆ ಒಯ್ಯುವ ಮೊದಲು, ಹೋಮಿನ ಹಿತ್ತಲಿನಲ್ಲಿ.

ಗಂಡಸರು ಸ್ನಾನ ಮಾಡಿಸುತ್ತೇವೆ ಎಂದರೆ ಕೇಳಲಿಲ್ಲ. "ಹುಟ್ದಾಗ ನೀರು ಹುಯ್ದೋಳು ನಾನು" ಎಂದು ಸೀರೆ ಎತ್ತಿ ಕಟ್ಟಿದರು. ನಾನೂ ಅವರ ಗಂಡನೂ ದೇಹ ಹಿಡಿದುಕೊಂಡೆವು, ರತ್ನಮ್ಮ ಬಿಸಿನೀರು ಹಾಕಿದಳು. ಬೋರಲು ಮಾಡಿದಾಗ ದೇವೀರಮ್ಮ ಚೊಂಬು ಕೆಳಗಿಟ್ಟು ತಮ್ಮನ ಬೆನ್ನಿನ ಮೇಲೆ ಅಂಗೈ ಆಡಿಸಿದರು, ಹೆಗಲಿನಿಂದ ಸೊಂಟದವರೆಗೆ, ಸೊಂಟದಿಂದ ಹಿಮ್ಮಡಿಯವರೆಗೆ. ಹುಣ್ಣಿದ್ದ ಜಾಗದಲ್ಲಿ ಮಾಸಲು ಕಲೆಯೊಂದು ಉಳಿದಿತ್ತು, ಅಷ್ಟೇ.

"ನಮ್ಮವ್ವ ನನ್ನ ಕೈಗೆ ಕೊಟ್ಟಿದ್ದು. ನಾಳೆ ನಾನು ಮ್ಯಾಲಕ್ಕೋದಾಗ ಕೇಳ್ತಾಳೆ" ಎಂದರು. "ನಂಗೆ ಕಣ್ಣು ಮಂಜಾಗೈತೆ ಮೇಷ್ಟ್ರೇ, ನೀವು ನೋಡಿ ಹೇಳಿ. ಎಲ್ಲಾದ್ರೂ ಗಾಯ ಐತಾ?"

ನಾನು ಬಗ್ಗಿ ಕತ್ತಿನಿಂದ ಪಾದದವರೆಗೂ ನೋಡಿದೆ.

"ಇಲ್ಲ ಕಣಮ್ಮಾ. ಒಂದೂ ಇಲ್ಲ."

ಆಗ ದೇವೀರಮ್ಮ ತಮ್ಮನ ಒದ್ದೆ ಬೆನ್ನಿಗೆ ಕೆನ್ನೆಯಿಟ್ಟು, ಇಡೀ ಹೋಮಿಗೆ ಕೇಳುವಂತೆ ಅತ್ತರು.