ಚಿತ್ರದ ಅಂಚಿನಲ್ಲಿ ನಿಂತವರು

ಮೈಸೂರು, ೨೦೦೭. ಬೆಳಗಿನ ಜಾವ. ಜಯಲಕ್ಷ್ಮಿಪುರಂನ ಒಂದು ಅಡ್ಡರಸ್ತೆಯಲ್ಲಿ ಹಾಲಿನ ಬೂತಿನವನು ಕ್ರೇಟು ಇಳಿಸುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಎದುರು ಮನೆಯ ಹಳೇ ಕಾರ್ ಶೆಡ್ಡಿನ ಶಟರ್ ಮಾತ್ರ ಆಗಲೇ ಅರ್ಧ ಎತ್ತಿದೆ. ಒಳಗೆ ಅಲಮೇಲು ಕಂಪ್ಯೂಟರಿನ ಮುಂದೆ ಕೂತು, ಯಾರದ್ದೋ ಎದೆಗೂಡಿನ ಎಕ್ಸ್‌ರೇ ಚಿತ್ರಕ್ಕೆ ಹಳದಿ ಬಾಣದ ಗುರುತು ಹಾಕುತ್ತಿದ್ದಾರೆ. ಇನ್ನೇನು ಕರೆಂಟು ಹೋಗುವ ಹೊತ್ತು. ಅಷ್ಟರೊಳಗೆ ಮುಗಿಯಬೇಕು. ಪಕ್ಕದ ಸ್ಟೂಲಿನ ಮೇಲೆ ತೂಕಡಿಸುತ್ತ ಕೂತಿರುವವಳು ರಕ್ಷಿತಾ, ಎಂ.ಡಿ. ಓದುತ್ತಿರುವ ಹುಡುಗಿ. ಇವತ್ತು ಅವಳ ಸೆಮಿನಾರ್.

"ಈ ಪಕ್ಕದ ಅಂಚು ಕತ್ತರಿಸಲೇನಮ್ಮಾ?" ಅಲಮೇಲು ಕೇಳುತ್ತಾರೆ.

"ಕತ್ತರಿಸಿ ಮೇಡಂ."

"ಇದ್ರಲ್ಲಿ ಏನೂ ಇಲ್ಲ ತಾನೆ? ಇನ್ನೊಂದ್ಸಲ ನೋಡಿ ಹೇಳು."

ರಕ್ಷಿತಾ ನಗುತ್ತಾಳೆ. "ಎಕ್ಸ್‌ರೇ ಅಂಚಿನಲ್ಲಿ ಏನಿರತ್ತೆ ಮೇಡಂ?"

ಅಲಮೇಲು ನಗುವುದಿಲ್ಲ. ಮೂಲ ಚಿತ್ರವನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಂಡು, ಅದು ಉಳಿದಿದೆಯೋ ಇಲ್ಲವೋ ಎಂದು ತೆರೆದು ನೋಡಿ, ಆಮೇಲೆ ಅಂಚು ಕತ್ತರಿಸುತ್ತಾರೆ. ಸಿ.ಡಿ. ಹೊರಗೆ ಬರುವುದಕ್ಕೂ ದೀಪ ಆರುವುದಕ್ಕೂ ಸರಿಹೋಗುತ್ತದೆ. ರಕ್ಷಿತಾ ಅದನ್ನು ಚೀಲಕ್ಕೆ ಹಾಕಿಕೊಂಡು ಸ್ಕೂಟಿ ಹತ್ತುತ್ತಾಳೆ.

ವೇದಿಕೆಯ ಮೇಲೆ ನಿಂತು ಮಾತಾಡುವವರ ಬೆನ್ನ ಹಿಂದೆ ಪರದೆಯ ಮೇಲೆ ಬಂದುಹೋಗುವ ಚಿತ್ರ, ನಕ್ಷೆ, ಬಣ್ಣದ ಕಂಬಗಳ ಲೆಕ್ಕಾಚಾರ, ಇವನ್ನೆಲ್ಲ ಹೊಂದಿಸಿಕೊಡುವುದು ಅಲಮೇಲು ಅವರ ಕಸುಬು. ಹದಿನೇಳು ವರ್ಷದಿಂದ ಇದೇ ಕೆಲಸ. ವಿಶ್ವವಿದ್ಯಾಲಯದ ಪ್ರಾಧ್ಯಾಪಕರು, ಡಾಕ್ಟರುಗಳು, ಮೇಟಗಳ್ಳಿ ಹೆಬ್ಬಾಳದ ಕಾರ್ಖಾನೆಗಳ ಅಧಿಕಾರಿಗಳು, ಎಲ್ಲರೂ ಈ ಶೆಡ್ಡಿಗೆ ಬಂದು ಹೋದವರೇ. ಅವರು ಮಾತಾಡಿದ ಸಭಾಂಗಣಗಳನ್ನು ಮಾತ್ರ ಅಲಮೇಲು ನೋಡಿಲ್ಲ. "ಯಾರೂ ಕರೀಲಿಲ್ಲ, ನಾನೂ ಹೋಗ್ಲಿಲ್ಲ. ಹೋಗಿ ಏನು ಮಾಡ್ಲಿ? ತಪ್ಪೇನಾದ್ರೂ ಉಳಿದಿದ್ರೆ ಅಷ್ಟು ದೊಡ್ಡದಾಗಿ ಕಾಣತ್ತಲ್ಲಾ, ನೋಡಕ್ಕಾಗಲ್ಲ ಕಣ್ರೀ" ಎನ್ನುತ್ತಾರೆ.

ಅಲಮೇಲು ಅವರ ಅಜ್ಜ ಅರಮನೆಯ ಕಚೇರಿಯಲ್ಲಿ ಬರವಣಿಗೆ ಕೆಲಸದಲ್ಲಿದ್ದವರು. ಆ ಮನೆಯಲ್ಲಿ ಕೆಟ್ಟ ಅಕ್ಷರ ಬರೆದರೆ ಊಟಕ್ಕೆ ಕೂರಿಸುತ್ತಿರಲಿಲ್ಲವಂತೆ. ತೊಂಬತ್ತರಲ್ಲಿ ಬಿ.ಎಸ್ಸಿ. ಮುಗಿಸಿ ಮದುವೆಯಾಗಿ ಈ ಬಡಾವಣೆಗೆ ಬಂದ ಸೊಸೆಯ ಅಕ್ಷರವನ್ನು ರಂಗೋಲಿ ಸ್ಪರ್ಧೆಯ ಬೋರ್ಡಿನಲ್ಲಿ ನೋಡಿದ ಪಕ್ಕದ ಮನೆಯ ಪ್ರಾಧ್ಯಾಪಕರೊಬ್ಬರು, ಒಂದಷ್ಟು ಪಾರದರ್ಶಕ ಹಾಳೆಗಳನ್ನು ತಂದು ಮುಂದಿಟ್ಟರು. ಹಾಳೆಯ ಮೇಲೆ ಬರೆದದ್ದನ್ನು ದೀಪದ ಪೆಟ್ಟಿಗೆಯ ಮೇಲಿಟ್ಟರೆ ಗೋಡೆಯ ಮೇಲೆ ಮೂಡುತ್ತಿದ್ದ ಕಾಲ ಅದು. ಕೈ ಒತ್ತಿದರೆ ಬೆವರಿನ ಗುರುತು ಬೀಳುತ್ತದೆಂದು ಅಂಗೈ ಕೆಳಗೆ ಕರವಸ್ತ್ರ ಹಾಕಿಕೊಂಡು ಬರೆದರು. ತಪ್ಪಾದಲ್ಲಿ ಹತ್ತಿಗೆ ಸ್ಪಿರಿಟ್ ಹಚ್ಚಿ ಒರೆಸಿದರು. ಒಬ್ಬರಿಂದ ಇನ್ನೊಬ್ಬರಿಗೆ ಸುದ್ದಿ ಹೋಯಿತು.

ಪತಿ ಸುಂದರೇಶ ಆಗ ಒಂದು ಸ್ಟುಡಿಯೋದಲ್ಲಿ ಫೋಟೋಗ್ರಾಫರ್. ಹೆಂಡತಿ ಬರೆದ ನಕ್ಷೆಗಳನ್ನು ಕ್ಯಾಮೆರಾ ಸ್ಟ್ಯಾಂಡಿಗೆ ಕಟ್ಟಿ ಸ್ಲೈಡ್ ಫಿಲಮಿನಲ್ಲಿ ತೆಗೆಯುತ್ತಿದ್ದರು. ಫಿಲಂ ತೊಳೆಯಲು ಬೆಂಗಳೂರಿಗೆ ಹೋಗಬೇಕು, ತೊಳೆದು ಬಂದದ್ದನ್ನು ಒಂದೊಂದಾಗಿ ಕತ್ತರಿಸಿ ಪುಟ್ಟ ಚೌಕಟ್ಟಿಗೆ ಸೇರಿಸಬೇಕು. ಇಬ್ಬರೂ ಕೂತು ಆ ಚೌಕಟ್ಟುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದ ಸಂಜೆಗಳನ್ನು ಅಲಮೇಲು ನಿಧಾನವಾಗಿ ನೆನೆಸಿಕೊಳ್ಳುತ್ತಾರೆ. "ಅವ್ರ ಫೋಟೋ, ನನ್ನಕ್ಷರ. ಜಗಳ ಆಡಿದ ದಿನಾನೂ ಆ ಕೆಲಸಕ್ಕೆ ಮಾತ್ರ ಜೊತೇಲಿ ಕೂರ್ತಿದ್ವಿ."

ಕಂಪ್ಯೂಟರ್ ಬಂದಾಗ ಅಲಮೇಲು ಕಲಿತರು. ಸುಂದರೇಶ ಕಲಿಯಲಿಲ್ಲ. ನಕ್ಷೆಯನ್ನು ನೇರವಾಗಿ ಪರದೆಯ ಮೇಲೇ ಬರೆಯಬಹುದು ಎಂದಮೇಲೆ ಅದರ ಫೋಟೋ ತೆಗೆಯುವವರು ಯಾರಿಗೆ ಬೇಕು? ಸ್ಟುಡಿಯೋ ಬಿಟ್ಟರು. ಈಗ ಒಂದು ಮದುವೆ ಛತ್ರದಲ್ಲಿ ಮೇಲ್ವಿಚಾರಕರು. "ನಾನು ಮುಂದಕ್ಕೆ ಹೋದೆ ಅಂತ ಎಲ್ರೂ ಹೇಳ್ತಾರೆ. ಅವ್ರನ್ನ ಬಿಟ್ಟು ಹೋದೆ ಅಂತ ನನಗನ್ನಿಸತ್ತೆ" ಎಂದು ಅಲಮೇಲು ಮೆಲ್ಲಗೆ ಹೇಳಿ, ಶೆಡ್ಡಿನ ಬಾಗಿಲ ಕಡೆ ನೋಡುತ್ತಾರೆ.

ಕೆಲಸ ಸುಲಭದ್ದಲ್ಲ. ಸಂಜೆ ಕೊಟ್ಟು ಬೆಳಿಗ್ಗೆ ಕೇಳುವವರೇ ಹೆಚ್ಚು. ದಿನಕ್ಕೆ ಮೂರೋ ನಾಲ್ಕೋ ಉಪನ್ಯಾಸಗಳ ಸ್ಲೈಡು ಆದದ್ದುಂಟು, ಪರೀಕ್ಷೆಯ ಕಾಲದಲ್ಲಿ ಇನ್ನೂ ಜಾಸ್ತಿ. ಕುತ್ತಿಗೆ ನೋವು, ಕಣ್ಣುರಿ, ಕನ್ನಡ ಅಕ್ಷರ ಒಂದು ಕಂಪ್ಯೂಟರಿನಲ್ಲಿ ಸರಿಯಾಗಿದ್ದು ಇನ್ನೊಂದರಲ್ಲಿ ಚೌಕಗಳಾಗಿ ಕಾಣುವ ಫಜೀತಿ. ಇವೆಲ್ಲವನ್ನೂ ಅವರು ನಗುತ್ತಲೇ ಹೇಳುತ್ತಾರೆ. ನಗದೆ ಹೇಳುವುದು ಒಂದೇ ಒಂದು ಕೆಲಸದ ವಿಷಯ.

೨೦೦೧ನೇ ಇಸವಿ. ಮೇಟಗಳ್ಳಿಯ ಒಂದು ಕಾರ್ಖಾನೆಯ ಬೆಳ್ಳಿಹಬ್ಬ. ಅಲ್ಲಿನ ಅಧಿಕಾರಿ ವಿಶ್ವನಾಥ್ ಫೋಟೋಗಳನ್ನು ತಂದುಕೊಟ್ಟಿದ್ದರು. ಫಿಲಂ ಬದಲು ಫ್ಲಾಪಿ ಹಾಕುವ ಕ್ಯಾಮೆರಾ ಹೊಸದಾಗಿ ಬಂದಿತ್ತು. ತೆಗೆದ ಚಿತ್ರ ಸೀದಾ ಫ್ಲಾಪಿಯೊಳಗೇ. ಒಂದು ಚಿತ್ರದಲ್ಲಿ ಪ್ರಶಸ್ತಿ ಪಡೆದ ನೌಕರರೆಲ್ಲ ಗೇಟಿನ ಪಕ್ಕದ ಹೂದೋಟದಲ್ಲಿ ಸಾಲಾಗಿ ನಿಂತಿದ್ದರು. ಸಾಲಿನ ತುದಿಯಲ್ಲಿ, ಸಮವಸ್ತ್ರವಿಲ್ಲದೆ, ತಲೆಗೆ ಟವೆಲ್ ಸುತ್ತಿದ ಒಬ್ಬ ಮನುಷ್ಯ.

"ಅವ್ರು ತೋಟದ ಕೆಲಸದೋರು ಮೇಡಂ, ಕಂಟ್ರ್ಯಾಕ್ಟಿನವರು. ಯಾರೋ ಬಾರಯ್ಯ ಅಂತ ಕರೆದು ನಿಲ್ಲಿಸಿದಾರೆ" ಎಂದರು ವಿಶ್ವನಾಥ್. "ಅವ್ರಿದ್ರೆ ಚಿತ್ರ ತುಂಬ ಅಗಲ ಆಗತ್ತೆ, ಪಕ್ಕದಲ್ಲಿ ಹೆಸರು ಬರೆಯಕ್ಕೆ ಜಾಗ ಸಾಲಲ್ಲ. ತೆಗೆದುಬಿಡಿ."

ಅಲಮೇಲು ತೆಗೆದರು. ಮೌಸಿನಿಂದ ಒಂದು ಗೆರೆ ಎಳೆದದ್ದು, ಅಷ್ಟೇ. ಅದೇ ಹೆಸರಿನಲ್ಲಿ ಉಳಿಸಿದರು. ಹಳೆಯದರ ಮೇಲೆ ಹೊಸದು ಕೂತಿತು. ಫ್ಲಾಪಿ ವಾಪಸು ಹೋಯಿತು, ಅದನ್ನು ಅಳಿಸಿ ಮರುದಿನವೇ ಬೇರೆ ಫೋಟೋ ತೆಗೆದರು. ಸ್ಲೈಡು ಅಚ್ಚುಕಟ್ಟಾಗಿತ್ತು. ವಿಶ್ವನಾಥ್ ಫೋನು ಮಾಡಿ, ಎಲ್ಲರೂ ಮೆಚ್ಚಿಕೊಂಡರು ಎಂದು ತಿಳಿಸಿದರು.

ಮುಂದಿನ ವರ್ಷ, ಯುಗಾದಿ ಕಳೆದಮೇಲೆ, ಒಬ್ಬ ಹೆಂಗಸು ಶೆಡ್ಡಿನ ಮುಂದೆ ಬಂದು ನಿಂತರು. ಕಾರ್ಖಾನೆಯ ಗೇಟಿನಲ್ಲಿ ಕೇಳಿ, ಅವರಿವರ ಹತ್ತಿರ ದಾರಿ ಕೇಳಿ, ಬಸ್ಸು ಹಿಡಿದು ಬಂದಿದ್ದರು. ಹೆಸರು ಬಸಮ್ಮ. ಗಂಡ ಚಿಕ್ಕಮಾದಯ್ಯ, ಕಾಮಾಲೆಯಾಗಿ ತೀರಿಕೊಂಡಿದ್ದರು.

"ನಮ್ಮನೆಯೋರ್ದು ಒಂದು ಫೋಟೋ ನಿಮ್ತಾವ ಅದಂತೆ ಕನವ್ವ. ಬೆಳ್ಳಿಹಬ್ಬದ್ದು. ಗೇಟ್ನೋರು ಯೋಳುದ್ರು."

ಮನೆಯಲ್ಲಿ ಬೇರೆ ಫೋಟೋ ಇರಲಿಲ್ಲ. ಓಟಿನ ಕಾರ್ಡಿನಲ್ಲಿ ಒಂದಿತ್ತು. ಬಸಮ್ಮ ಅದನ್ನೂ ತಂದಿದ್ದರು. ಕಪ್ಪು ಮಸಿ ಚೆಲ್ಲಿದ ಹಾಗೆ ಇದ್ದ ಆ ಮುಖದಲ್ಲಿ ಕಣ್ಣು ಯಾವುದು ಮೂಗು ಯಾವುದು ಗೊತ್ತಾಗುತ್ತಿರಲಿಲ್ಲ. "ಇದ್ರಲ್ಲಿರೋರು ನಮ್ಮನೆಯೋರಲ್ಲ" ಎಂದರು. ಫೋಟೋ ತೆಗೆದ ದಿನ ಚಿಕ್ಕಮಾದಯ್ಯ ಮನೆಗೆ ಬಂದು ಖುಷಿಯಿಂದ ಹೇಳಿದ್ದರಂತೆ: "ನನ್ನೂ ನಿಲ್ಸುದ್ರು ಕನಮ್ಮಿ. ದೊಡ್ಡ ಪರದೆ ಮ್ಯಾಲೆ ಬತ್ತೀನಂತೆ." ಬೆಳ್ಳಿಹಬ್ಬದ ದಿನ ಒಗೆದ ಅಂಗಿ ಹಾಕಿಕೊಂಡು ಹೋಗಿ, ಸಭಾಂಗಣದ ಹಿಂದೆ ಬಾಗಿಲ ಹತ್ತಿರ ನಿಂತು ನೋಡಿದ್ದರು.

"ಬಂದ್ಮೇಲೆ ಕ್ಯೋಳ್ದೆ, ಎಂಗೆ ಕಂಡ್ರಿ ಅಂತ. ಬಿರ್ರನೆ ಓಡ್ಸ್‌ಬುಟ್ರು, ಸರ್ಯಾಗಿ ಕಾಣ್ನಿಲ್ಲ ಅಂದ್ರು. ಅದ್ಕೇ ನಾನೇ ನೋಡಾನ ಅಂತ ಬಂದೆ."

ಅಲಮೇಲು ಆ ಸ್ಲೈಡು ತೆರೆದರು. ಸಾಲಾಗಿ ನಿಂತ ನೌಕರರು, ಪಕ್ಕದಲ್ಲಿ ಅವರ ಹೆಸರುಗಳು. ಕೊನೆಯಲ್ಲಿ ನಿಂತವರ ಹೆಗಲ ಮೇಲೆ, ಚಿತ್ರ ಮುಗಿಯುವ ಕಡೆ, ಒಂದು ಕೈ. ಆವತ್ತು ಗೆರೆ ಎಳೆಯುವಾಗ ಅದು ಅವರ ಕಣ್ಣಿಗೆ ಬಿದ್ದೇ ಇರಲಿಲ್ಲ. ಬಸಮ್ಮ ಕುರ್ಚಿಯಿಂದ ಎದ್ದು ಗಾಜಿನ ಹತ್ತಿರಕ್ಕೆ ಬಂದರು. ಹೆಬ್ಬೆರಳಿಗೆ ಉಗುರಿಲ್ಲದ ಕೈ. ಯಾವಾಗಲೋ ಕಲ್ಲು ಬಿದ್ದು ಜಜ್ಜಿಹೋಗಿದ್ದದ್ದು.

"ಇದು ನಮ್ಮನೆಯೋರ ಕೈಯೇ" ಎಂದರು. ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕೇಳಿದರು: "ಮಿಕ್ಕಿದ್ದು ಎಲ್ಲೋಯ್ತವ್ವ?"

ಕೋಪವಿರಲಿಲ್ಲ ಆ ದನಿಯಲ್ಲಿ. ಪಕ್ಕಕ್ಕೆ ಸರಿಸಿದರೆ ಕಾಣುತ್ತದೇನೋ ಎಂಬಂತೆ ಕೇಳಿದ್ದರು. "ಅದೇ ನನಗೆ ತಡೆಯಕ್ಕಾಗ್ಲಿಲ್ಲ" ಎನ್ನುತ್ತಾರೆ ಅಲಮೇಲು. "ಬೈದಿದ್ರೆ ಏನಾದ್ರೂ ಹೇಳಬಹುದಿತ್ತು. ಹಾಗೆ ಕೇಳಿದ್ರೆ ಏನು ಹೇಳೋದು?"

ವಿಶ್ವನಾಥ್ ಅವರಿಗೆ ಫೋನು ಹೋಯಿತು. ಅವರೂ ಪಾಪ ಆಫೀಸಿನ ಫ್ಲಾಪಿಗಳನ್ನೆಲ್ಲ ಹುಡುಕಿಸಿದರು. ಸಿಗಲಿಲ್ಲ. ಆ ರಾತ್ರಿ ಊಟಕ್ಕೆ ಕೂತಾಗ ಸುಂದರೇಶ ಎಲ್ಲ ಕೇಳಿಸಿಕೊಂಡು, "ಫಿಲಂ ಆಗಿದ್ರೆ ನೆಗೆಟಿವ್ ಇರ್ತಿತ್ತು" ಎಂದಷ್ಟೇ ಹೇಳಿದರು. ಮತ್ತೆ ಆ ಮಾತು ಎತ್ತಿಲ್ಲ. ಅಲಮೇಲು ಅದನ್ನು ಮರೆತಿಲ್ಲ.

ಓಟಿನ ಕಾರ್ಡಿನ ಮುಖವನ್ನೇ ಸ್ಕ್ಯಾನ್ ಮಾಡಿ, ಬಸಮ್ಮ ಹೇಳಿದ ಗುರುತುಗಳನ್ನು ಇಟ್ಟುಕೊಂಡು, ಕಣ್ಣು ಮೀಸೆ ತಿದ್ದಿ ಒಂದು ಚಿತ್ರ ಮಾಡಿದರು. ನಗುವ ಹಾಗೆ ತುಟಿಯನ್ನೂ ತಿದ್ದಿದರು. ಎರಡನೆಯ ಸಲ ಬಂದಾಗ ಬಸಮ್ಮ ಅದನ್ನು ಕೈಯಲ್ಲಿ ಹಿಡಿದು ನೋಡಿ ಮೆತ್ತಗೆ ಮೇಜಿನ ಮೇಲಿಟ್ಟರು. "ಚೆಂದಾಗದೆ ಕನವ್ವ. ಆದ್ರೆ ಇವ್ರು ಬ್ಯಾರೆ ಯಾರೋ." ಅಷ್ಟು ಹೇಳಿ ಹೊರಟುಹೋದರು.

ಮಳೆಗಾಲ ಮುಗಿಯುವ ಹೊತ್ತಿಗೆ ಮತ್ತೆ ಬಂದರು. "ಆ ಕೈನಾದ್ರೂ ಕೊಡವ್ವ" ಎಂದರು.

ಅಲಮೇಲು ಕೈಯನ್ನಷ್ಟೇ ದೊಡ್ಡದು ಮಾಡಿದರು. ಚಿತ್ರ ಚಿಕ್ಕದು, ಎಷ್ಟು ಹಿಗ್ಗಿಸಿದರೂ ಅಂಚೆಲ್ಲ ಮಸುಕು. ಕೆಳಗಿದ್ದ ಬೇರೆಯವರ ಹೆಗಲು ಬೇಡವೇನೋ ಎಂದು ಅದನ್ನು ಅಳಿಸಲು ಹೋದಾಗ ಬಸಮ್ಮ ತಡೆದರು.

"ಹೆಗಲು ಇರ್ಲಿ ಬುಡವ್ವ. ಅದ್ನ ತಗುದ್ರೆ ಅವ್ರು ಕೈ ಎಲ್ಲಿ ಇಟ್ಕತ್ತಾರೆ?"

ಆ ಫೋಟೋ ಈಗಲೂ ಬಸಮ್ಮನ ಮನೆಯಲ್ಲಿದೆ, ಚೌಕಟ್ಟು ಹಾಕಿ, ಹೂ ಮುಡಿಸಿ. ಹಬ್ಬದ ದಿನ ಅದರ ಮುಂದೆಯೇ ಎಡೆ ಇಡುತ್ತಾರೆ. ಅಲಮೇಲು ಒಂದು ಸಲ ಹೋಗಿ ನೋಡಿ ಬಂದಿದ್ದಾರೆ. ಊಟ ಮಾಡಿಕೊಂಡು ಹೋಗಿ ಎಂದು ಬಸಮ್ಮ ಎಷ್ಟು ಹೇಳಿದರೂ ಅವತ್ತು ಊಟಕ್ಕೆ ಕೂರಲಿಲ್ಲವಂತೆ.

ಅಂದಿನಿಂದ ಶೆಡ್ಡಿನಲ್ಲಿ ಒಂದು ಪದ್ಧತಿ. ಯಾರೇ ಫೋಟೋ ತರಲಿ, ಮೊದಲು ಮೂಲ ಪ್ರತಿ ಸಿ.ಡಿ.ಗೆ ಹೋಗಬೇಕು. ಚಿತ್ರದಲ್ಲಿ ಮನುಷ್ಯರಿದ್ದರೆ, ತುದಿಯಲ್ಲಿ ನಿಂತವರು ಯಾರೆಂದು ಅಲಮೇಲು ಕೇಳುತ್ತಾರೆ. ಗೊತ್ತಿಲ್ಲ ಎಂದರೆ, ಕೇಳಿಕೊಂಡು ಬನ್ನಿ ಎನ್ನುತ್ತಾರೆ. ಕೆಲವರಿಗೆ ಇದು ಕಿರಿಕಿರಿ. "ಸ್ಲೈಡ್ ಮಾಡಿ ಅಂದ್ರೆ ಜನಗಣತಿ ಮಾಡ್ತಾರೆ" ಎಂದು ಗೊಣಗಿ ಬೇರೆ ಕಡೆ ಹೋದವರೂ ಇದ್ದಾರೆ. ಹೇಗೂ ಗಿರಾಕಿ ಕಡಿಮೆಯಾಗುತ್ತಿದ್ದಾರೆ. ಪ್ರಾಧ್ಯಾಪಕರ ಹತ್ತಿರ ಲ್ಯಾಪ್‌ಟಾಪ್ ಬಂದಿದೆ. ಕಾರ್ಖಾನೆಗಳಲ್ಲಿ ಹೊಸದಾಗಿ ಸೇರಿದವರು ತಾವೇ ಮಾಡಿಕೊಳ್ಳುತ್ತಾರೆ. ಈ ಶೆಡ್ಡು ಇನ್ನೆಷ್ಟು ವರ್ಷ ನಡೆದೀತು ಎಂದರೆ ಅಲಮೇಲು ಭುಜ ಕುಣಿಸುತ್ತಾರೆ.

ಮೇಟಗಳ್ಳಿ ಕಡೆಯಿಂದ ಯಾರೇ ಬಂದರೂ ಅಲಮೇಲು ಅವರದ್ದು ಒಂದೇ ಪ್ರಶ್ನೆ: ಬೆಳ್ಳಿಹಬ್ಬದ ದಿನ ನೀವಿದ್ರಾ? ಬೇರೆ ಯಾರಾದ್ರೂ ಫೋಟೋ ತೆಗೆದಿದ್ರಾ? ಐದು ವರ್ಷದಲ್ಲಿ ಇಬ್ಬರು ಆಲ್ಬಂ ತಂದು ತೋರಿಸಿದ್ದಾರೆ. ಟವೆಲ್ ಸುತ್ತಿದವರು ಯಾವುದರಲ್ಲೂ ಇರಲಿಲ್ಲ.

ಕರೆಂಟು ಬಂದಿದೆ. ಪತ್ರಿಕೆಯ ಫೋಟೋಗ್ರಾಫರ್ ಈ ಬರಹಕ್ಕೆಂದು ಅಲಮೇಲು ಅವರ ಚಿತ್ರ ತೆಗೆಯಲು ಕ್ಯಾಮೆರಾ ಹೊರತೆಗೆಯುತ್ತಾನೆ. ಅವರು ಬೇಡವೆಂದು ಕೈಯಾಡಿಸುತ್ತಾರೆ.

"ನನ್ನ ಫೋಟೋ ಯಾಕ್ರೀ? ಆ ಜಾಗದಲ್ಲಿ ಇದನ್ನ ಹಾಕಿ. ಮೇಟಗಳ್ಳೀಲಿ ತೋಟ ಮಾಡ್ತಿದ್ದ ಚಿಕ್ಕಮಾದಯ್ಯ ಅನ್ನೋರ ಫೋಟೋ ಯಾರ ಹತ್ರಾನಾದ್ರೂ ಇದ್ರೆ ತಂದುಕೊಡಿ ಅಂತ. ಗುಂಪಲ್ಲಿರ್ಲಿ, ಹಿಂದೆ ಎಲ್ಲೋ ನಿಂತಿರ್ಲಿ, ಮಸುಕಾಗಿದ್ರೂ ಪರವಾಗಿಲ್ಲ. ಮುಖ ಒಂದು ಇದ್ರೆ ಸಾಕು, ಮಿಕ್ಕಿದ್ದು ನಾನು ನೋಡ್ಕೋತೀನಿ."