ಮತ್ತೆ ಬನ್ನಿ ಎನ್ನಬಾರದ ಜಾಗ

ಉಝ್ಮಾ ಹದಿನಾಲ್ಕು ವರ್ಷ ತುಮಕೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಔಷಧಿ ಕೌಂಟರಿನ ಕಿಂಡಿಯ ಹಿಂದೆಯೇ ಕಳೆದವಳು. ಚೀಟಿ ಒಳಗೆ ಬರುತ್ತಿತ್ತು, ಮಾತ್ರೆ ಹೊರಗೆ ಹೋಗುತ್ತಿತ್ತು. ಕಳೆದ ವರ್ಷದಿಂದ ಹೊಸ ಕೆಲಸ. ಡಿಸ್ಚಾರ್ಜ್ ಆಗುವವರ ಮಂಚದ ಹತ್ತಿರ ಹೋಗಿ, ಮಾತ್ರೆಗಳನ್ನು ಒಂದೊಂದಾಗಿ ತಾಳೆ ನೋಡಿ, ತಿಳಿಹೇಳಿ ಕಳಿಸಬೇಕು. ತಪ್ಪು ಕಂಡರೆ ಡಾಕ್ಟರಿಗೆ ಹೇಳಬಹುದು, ತಿದ್ದುವ ಹಾಗಿಲ್ಲ. ರೋಗಿಯ ಮುಖ ನೋಡಿ ಔಷಧಿ ಕೊಡುವ ಭಾಗ್ಯ ಸಿಕ್ಕಿತೆಂದು ಅವಳು ಅಲ್ಲಾಹನಿಗೆ ಶುಕ್ರ್ ಹೇಳಿದ್ದಳಂತೆ.

ಆ ಬುಧವಾರ ಹುತ್ರಿದುರ್ಗದ ಪುಟ್ಟರಂಗಯ್ಯ ಮನೆಗೆ ಹೊರಟಿದ್ದರು. ಹೃದಯದ ಕವಾಟ ಬದಲಿಸಿಕೊಂಡವರು. ರಕ್ತ ಹೆಪ್ಪುಗಟ್ಟದಿರಲು ದಿನವೂ ಒಂದು ಮಾತ್ರೆ ನುಂಗುತ್ತಿದ್ದರು. ಹಿಂದಿನ ದಿನ ಎದೆಯ ಸೋಂಕಿಗೆಂದು ಇನ್ನೊಂದು ಸೇರಿತ್ತು. ಎರಡೂ ಕೂಡಿದರೆ ರಕ್ತ ತೀರಾ ತೆಳುವಾಗುತ್ತದೆ. ಉಝ್ಮಾ ಫೋನ್ ಮಾಡಿದಳು. ಡಾಕ್ಟರು ಆಪರೇಷನ್ ಥಿಯೇಟರಿನಲ್ಲಿದ್ದರು. ದೊಡ್ಡವರು ಬರೆದದ್ದನ್ನು ಡ್ಯೂಟಿ ಡಾಕ್ಟರು ಮುಟ್ಟಲಿಲ್ಲ.

ಸ್ವಲ್ಪ ಕಾಯಿರಿ ಎಂದು ಬೇಡಿದಳು. ಹನ್ನೆರಡಕ್ಕೆ ರಾಹುಕಾಲ, ಅಷ್ಟರಲ್ಲಿ ಹೊರಬೀಳಬೇಕೆಂದು ಹೆಂಡತಿ ಭದ್ರಮ್ಮ ಆಗಲೇ ಮಾತ್ರೆಯ ಚೀಲ ಕಂಕುಳಿಗೆ ಸಿಕ್ಕಿಸಿದ್ದರು. ನುಂಗಬೇಡಿ ಎನ್ನುವ ಅಧಿಕಾರ ಅವಳಿಗಿಲ್ಲ. ಹಾಗಾದರೆ ಮೂರನೇ ದಿನ ರಕ್ತಪರೀಕ್ಷೆಗೆ ತಪ್ಪದೆ ಬನ್ನಿ ಎಂದಳು.

ಭದ್ರಮ್ಮನ ಮುಖ ಕಪ್ಪಿಟ್ಟಿತು. "ಆಸ್ಪತ್ರೆಲಿ ನಿಂತ್ಕೊಂಡು ಮತ್ತೆ ಬನ್ನಿ ಅನ್ಬಾರ್ದು ಕಣವ್ವಾ."

"ಬುಡೇ, ಈ ಸಪ್ಪೆ ಸಾರು ಉಣ್ಣೋಕೆ ಯಾವನ್ ಬತ್ತಾನೆ" ಎಂದು ಪುಟ್ಟರಂಗಯ್ಯ ನಕ್ಕರು.

ಎರಡೂವರೆಗೆ ಡಾಕ್ಟರು ಹೊರಬಂದರು. ನೀನು ಹೇಳಿದ್ದೇ ಸರಿ ಎಂದು ಹೊಸ ಮಾತ್ರೆಗೆ ಅಡ್ಡಗೆರೆ ಎಳೆದು ಸಹಿ ಹಾಕಿದರು. ಉಝ್ಮಾ ಕೂಡಲೇ ಫೋನ್ ಹಚ್ಚಿದಳು. ಭದ್ರಮ್ಮ ಎತ್ತಿದರು. ಗಾಬರಿಯಲ್ಲಿ, "ನೀವು ನಾಳೇನೇ ಬರ್ಬೇಕಮ್ಮಾ" ಎಂದು ಶುರುಮಾಡಿಬಿಟ್ಟಳು. ಫೋನ್ ಕಟ್ಟಾಯಿತು. ಯಾವ ಮಾತ್ರೆ ನಿಲ್ಲಿಸಬೇಕೆಂಬುದು ಅವಳ ಬಾಯಲ್ಲೇ ಉಳಿಯಿತು. ಆಮೇಲೆ ಎಷ್ಟು ಸಲ ಹಚ್ಚಿದರೂ ಯಾರೂ ಎತ್ತಲಿಲ್ಲ. ನಮಾಜು ಮುಗಿಸಿ ದುವಾ ಕೇಳುವಾಗ ಆ ಮುದುಕರ ಹೆಸರನ್ನೂ ಸೇರಿಸಿದಳು. ಅವಳ ಕೈಲಿದ್ದದ್ದು ಅಷ್ಟೇ.

ಐದನೆಯ ದಿನ ಪುಟ್ಟರಂಗಯ್ಯನವರನ್ನು ಕುಣಿಗಲ್‌ನಿಂದ ಆಂಬುಲೆನ್ಸಿನಲ್ಲಿ ತಂದರು. ವಸಡಿನ ರಕ್ತ ನಿಲ್ಲುತ್ತಿರಲಿಲ್ಲ, ಮೂತ್ರವೂ ಕೆಂಪಗಿತ್ತು. ಉಝ್ಮಾ ಸಹಿ ಬಿದ್ದ ಚೀಟಿ ಹಿಡಿದು ಓಡಿಬಂದಳು. ಭದ್ರಮ್ಮ ಚೀಟಿ ನೋಡಲಿಲ್ಲ, ಅವಳ ಮುಖವನ್ನೇ ನೋಡಿದರು.

"ಅನ್ಬೇಡ ಅಂದೆ. ನೀನು ಫೋನ್ ಮಾಡಿನೂ ಕರ್ದೆ. ಬಂದ್ವಲ್ಲವ್ವಾ."

ಧ್ವನಿ ಏರಿಸಲೂ ಇಲ್ಲ. ಉಝ್ಮಾ ಚೀಲದಿಂದ ಆ ಹೊಸ ಮಾತ್ರೆಯ ಸ್ಟ್ರಿಪ್ ತೆಗೆದು ನೋಡಿದಳು. ಒಂದು ಹೊತ್ತೂ ತಪ್ಪಿಸದೆ ಕೊಟ್ಟಿದ್ದರು ಭದ್ರಮ್ಮ.