ಕೇಳಿ ಹೋಗುವ ಗಾಡಿ, ಹೇಳಿ ಹೋಗುವ ಗಾಡಿ

ನಮ್ಮ ಮಾವನವರ ಬಲಗೈ ಹೆಬ್ಬೆರಳಿನ ಉಗುರು ಬೇಸಿಗೆಯಲ್ಲೂ ಮಳೆಗಾಲದಲ್ಲೂ ಕೆಂಪಾಗಿಯೇ ಇರುತ್ತಿತ್ತು. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದಲಾಲಿ ಅವರದು. ಚೀಲದೊಳಗೆ ಕೈ ಹಾಕಿ ಒಂದು ಕಾಯಿ ತೆಗೆದು, ಆ ಉಗುರಿನಿಂದ ಸೀಳಿ, ಬೀಜ ಉದುರಿಸಿ ಬೆಳಕಿಗೆ ಹಿಡಿದು ನೋಡುತ್ತಿದ್ದರು. ನಾನು ಸೊಸೆಯಾಗಿ ಆ ಮನೆಯ ಹೊಸ್ತಿಲು ದಾಟಿದ ದಿನ ನನ್ನನ್ನೂ ಹಾಗೆಯೇ ನೋಡಿದರು. ಆಮೇಲೆ ಬಂದ ನೆಂಟರೆದುರು ನಗುತ್ತ ಅಂದರು: “ಸೊಸಿ ಅಂದ್ರ ನಮ್ಮೂರ ಕಾಯಿ ಇದ್ದಂಗ ಇರಬೇಕು. ಬಣ್ಣ ಇರಬೇಕು, ಖಾರ ಇರಬಾರ್ದು.” ಎಲ್ಲರೂ ನಕ್ಕರು. ನಾನೂ ನಕ್ಕೆ, ಹೊಸಬಳು ನೋಡಿ.

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎನ್ನುತ್ತಾರೆ. ಆಡುವವರು ಆಡಲಿ. ಊರಿನ ಪಾಲಿಗೆ ಅವರು ಒಳ್ಳೆಯವರೇ ಆಗಿದ್ದರು. ತೂಕದಲ್ಲಿ ಕೈಯಾಡಿಸಿದವರಲ್ಲ, ಹಸಿದು ಬಂದ ರೈತನನ್ನು ಹಾಗೇ ಕಳಿಸಿದವರಲ್ಲ. ಮನೆಯೊಳಗೆ ಕಾಲಿಟ್ಟರೆ ಮಾತ್ರ ಅವರೇ ಬೇರೆ. ಅತ್ತೆ ಪಕ್ಕದ ಓಣಿಗೆ ಹೋಗಬೇಕಾದರೂ ಸೆರಗು ಸರಿಮಾಡಿಕೊಂಡು ಅವರೆದುರು ನಿಂತು “ಹೋಗ್ಲೇನ್ರಿ?” ಎಂದು ಕೇಳಬೇಕಿತ್ತು. ಅವರು ಪೇಪರಿನಿಂದ ತಲೆ ಎತ್ತದೆ ಸ್ವಲ್ಪ ಕಾಯಿಸಿ “ಹ್ಞೂಂ” ಅನ್ನುತ್ತಿದ್ದರು. ನಾನು ಮಾತ್ರ ಮೊದಲಿನಿಂದಲೂ “ಹೋಗಿ ಬರ್ತೇನ್ರಿ ಮಾವಾರ” ಅನ್ನುತ್ತಿದ್ದೆ. ಒಂದು ದಿನ ತಡೆದು ನಿಲ್ಲಿಸಿ ಹೇಳಿದರು: “ಇದು ಹೇಳೂದಾತು ಯವ್ವಾ. ಕೇಳೂದು ಬ್ಯಾರೆ ಐತಿ.”

ನನಗೆ ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ಪಾಠ ಹೇಳುವ ಕೆಲಸ. ಅಲ್ಲಿಂದ ಮುಂದೆ ಕುಪ್ಪೇಲೂರಿನಲ್ಲಿ ನನ್ನ ತವರು. ದಿನಾ ಓಡಾಡಲು ಮನೆಯ ಹಳೆಯ ಪೆಟ್ರೋಲ್ ಕಾರು ಕೊಟ್ಟಿದ್ದರು. ದೊಡ್ಡ ಮನಸ್ಸು ಎಂದು ಓಣಿಯೆಲ್ಲ ಹೊಗಳಿತು. ಆದರೆ ಪೆಟ್ರೋಲ್ ಹಾಕಿಸಬೇಕಾದದ್ದು ಮೋಟೆಬೆನ್ನೂರಿನ ಹತ್ತಿರದ ಒಂದೇ ಬಂಕಿನಲ್ಲಿ. ಅಲ್ಲಿ ಅವರ ಹೆಸರಿನ ಲೆಕ್ಕ. ನಾನು ಪೆಟ್ರೋಲ್ ಟಾಕಿಯ ಮುಚ್ಚಳ ಹಾಕಿ ಹೊರಡುವಷ್ಟರಲ್ಲಿ ಬಂಕಿನವನ ಫೋನು ಬ್ಯಾಡಗಿ ಮುಟ್ಟಿರುತ್ತಿತ್ತು. ಸಂಜೆ ಚಹಾ ಲೋಟ ಕೈಗಿಡುವಾಗ ಪ್ರಶ್ನೆ ತಯಾರು: “ಕಾಲೇಜಿಗೆ ಹೋಗಿ ಬಂದ್ರ ಇಷ್ಟು ಪೆಟ್ರೋಲ್ ಯಾಕ ಬೇಕಾತು? ಕುಪ್ಪೇಲೂರಿಗಿ ಹೋಗಿದ್ದೇನು?” ನನ್ನ ಅವ್ವನ ಮನೆಗೆ ನಾನು ಹೋದ ಸುದ್ದಿಯನ್ನು ಟಾಕಿ ಹೇಳಿಕೊಡುತ್ತಿತ್ತು. ಸ್ವಂತ ಸಂಬಳದಲ್ಲಿ ಬೇರೆ ಬಂಕಿನಲ್ಲಿ ಹಾಕಿಸಿಕೊಂಡರೆ ಅದು ಇನ್ನೂ ದೊಡ್ಡ ರಂಪ.

ಅದಕ್ಕೇ ನಾನು ಕರೆಂಟಿನ ಕಾರು ಕೊಳ್ಳುತ್ತೇನೆ ಎಂದೆ, ನನ್ನ ಸಂಬಳದ ಸಾಲದಲ್ಲಿ. ನಮ್ಮ ಮನೆಯವರು ತಟ್ಟೆ ನೋಡುತ್ತ ಕೂತರು. ಅಪ್ಪನೆದುರು ಅವರಿಗೆ ಯಾವತ್ತೂ ತಟ್ಟೆಯಲ್ಲೇ ಏನೋ ಕಾಣುತ್ತದೆ.

ಅವತ್ತಿನಿಂದ ಊಟದ ಹೊತ್ತಿಗೆಲ್ಲ ಜಗಳ. ಮಾವನವರು ದಡ್ಡರಲ್ಲ. ಶೀತಲಗೃಹದಲ್ಲಿ ಚೀಲ ಇಟ್ಟು, ಬಾಡಿಗೆ ಕಟ್ಟಿ, ದರ ಏರುವವರೆಗೆ ಕಾಯುವ ಮನುಷ್ಯ. ವಸ್ತುವಿನ ಆಯುಷ್ಯವನ್ನು ಅಳೆಯುವುದು ಅವರಿಗೆ ಗೊತ್ತಿತ್ತು.

“ತಗೊಳ್ಳೂ ದಿನದ ರೇಟ್ ಯಾರರ ನೋಡ್ತಾರ. ಮಾರೂ ದಿನದ್ದು ನೋಡು. ಪೆಟ್ರೋಲ್ ಗಾಡಿ ಹತ್ತ ವರ್ಷ ಆದ್ರೂ ರಾಣೆಬೆನ್ನೂರಾಗ ಕಣ್ಣ ಮುಚ್ಚಿ ತಗೋತಾರ. ನಿನ್ನ ಗಾಡಿ ಬ್ಯಾಟರಿ ಮುದುಕಾತಂದ್ರ ಯಾರ ಮೂಸಿ ನೋಡ್ತಾರ?”

“ಅಷ್ಟ ವರ್ಷ ಪೆಟ್ರೋಲಿಗೆ ಹಾಕೂದು ಎಲ್ಲಿ ಹೋತ್ರಿ? ಇದಕ್ಕ ಎಂಜಿನ್ ಆಯಿಲ್ ಇಲ್ಲ, ಕ್ಲಚ್ ಇಲ್ಲ. ಸರ್ವಿಸಿಗೂ ಅಷ್ಟ ಖರ್ಚ ಬರೂದಿಲ್ಲ.”

“ಇನ್ಶೂರೆನ್ಸ್ ಹೆಚ್ಚು. ಗಾಡಿ ಭಾರ, ಟಾಯರ್ ಲಗೂ ಸವೀತಾವ. ಆವರೇಜ್ ಎಷ್ಟ ಅಂತ ಕೇಳಿದ್ರ ಹೇಳಾಕ ಬಾಯಿಲ್ಲದ ಗಾಡಿ ಅದು.”

“ದಿನಾ ಓಡಿಸಿದಷ್ಟೂ ಇದರಾಗ ಉಳಿತಾಯ ಆಗತೈತ್ರಿ ಮಾವಾರ. ಕೊಳ್ಳೂವಾಗ ಹೆಚ್ಚಿಗಿ ಕೊಟ್ಟದ್ದು ಅಡ್ಡಾಡಿದಂಗ ತಿರುಗಿ ಬರತೈತಿ.”

ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. “ಖರೇ ಹೇಳಿದಿ ನೋಡು. ಆ ಗಾಡಿ ಸೋವಿ ಆಗಬೇಕಂದ್ರ ಹೆಣ್ಣಮಗಳು ಅಷ್ಟ ಅಡ್ಡಾಡಬೇಕಲ್ಲ? ಅಷ್ಟ ಅಡ್ಡಾಡೂದು ಏನೈತಿ?”

ಬ್ಯಾಟರಿ, ಟಾಯರು, ವಿಮೆ ಎಲ್ಲ ನೆಪ ಎನ್ನುವುದು ನನಗೆ ಅವತ್ತು ಸ್ಪಷ್ಟವಾಯಿತು. ಅವರ ಲೆಕ್ಕದಲ್ಲಿ ನಾನು ಮನೆಯಲ್ಲೇ ಇರುತ್ತಿದ್ದೆ, ಹಾಗಾಗಿ ಪೆಟ್ರೋಲ್ ಕಾರು ಗೆಲ್ಲುತ್ತಿತ್ತು. ನನ್ನ ಲೆಕ್ಕದಲ್ಲಿ ನಾನು ಹೊರಗೆ ಹೋಗುತ್ತಿದ್ದೆ. ಅವರ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಮರುದಿನವೇ ಹೋಗಿ ಮುಂಗಡ ಕೊಟ್ಟು ಬಂದೆ.

ಕಾರು ಬಂತು. ಅಂಗಳದ ಗೋಡೆಗೆ ಚಾರ್ಜ್ ಮಾಡುವ ಪ್ಲಗ್ ಬಂತು. ಸಂಜೆ ಮನೆಯಲ್ಲಿ ಕರೆಂಟು ಹೋದರೆ “ಸೊಸಿ ಗಾಡಿ ಕುಡದಿರಬೇಕು” ಎನ್ನುತ್ತಿದ್ದರು ಮಾವನವರು. ಆದರೆ ನಾನು ಎಲ್ಲಿಗೆ ಹೋದೆ ಎಂದು ಅವರಿಗೆ ಹೇಳುವವರು ಯಾರೂ ಉಳಿಯಲಿಲ್ಲ. ಮೋಟೆಬೆನ್ನೂರಿನ ಬಂಕು ದಾಟುವಾಗಲೆಲ್ಲ ನನಗೆ ಒಳಗೊಳಗೇ ಕುಣಿಯುವಷ್ಟು ಖುಷಿಯಾಗುತ್ತಿತ್ತು.

ಅವರೇನು ಸುಮ್ಮನೆ ಕೂರುವವರೇ? ತಂಪು ಹಿಡಿದ ಮೆಣಸಿನಕಾಯಿಯನ್ನು ಬಿಸಿಲಿಗೆ ಹರವುವುದು ಅವರ ಕೆಲಸದಲ್ಲಿ ಇದ್ದದ್ದೇ, ಆದರೆ ಅದು ಅಂಗಡಿಯ ಹಿಂದಿನ ಬಯಲಿನಲ್ಲಿ ನಡೆಯುತ್ತಿತ್ತು. ಈಗ ಭಾನುವಾರ ಬಂತೆಂದರೆ ಮನೆಯ ಅಂಗಳದಲ್ಲಿ, ಸರಿಯಾಗಿ ನನ್ನ ಕಾರಿನ ಮುಂದೆ, ಗೇಟಿನವರೆಗೆ ಕೆಂಪು ಹಾಸು. ಬ್ಯಾಡಗಿಯಲ್ಲಿ ಹರವಿದ ಕಾಯಿಯನ್ನು ಯಾರೂ ತುಳಿಯುವುದಿಲ್ಲ. ಅನ್ನ ಕೊಡುವ ಕಾಯಿ. ಕಾಲು ತಾಗಿದರೂ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಊರು ಇದು. ಗೇಟಿಗೆ ಬೀಗ ಹಾಕಿದ್ದರೆ ನಾನು ಜಗಳ ತೆಗೆಯಬಹುದಿತ್ತು. ಮೆಣಸಿನಕಾಯಿಯ ಜೊತೆ ಏನೆಂದು ಜಗಳವಾಡಲಿ? ಎಷ್ಟೋ ಭಾನುವಾರ ತವರಿಗೆ ಬಸ್ಸಿನಲ್ಲಿ ಹೋದೆ.

ಅವ್ವನ ಕಣ್ಣಿನ ಆಪರೇಷನ್ನಿಗೆ ದಿನ ಗೊತ್ತಾಯಿತು. ಕುಪ್ಪೇಲೂರಿನಿಂದ ಅವಳನ್ನು ಕರೆದುಕೊಂಡು ಬೆಳಿಗ್ಗೆಯೇ ರಾಣೆಬೆನ್ನೂರಿನ ಆಸ್ಪತ್ರೆಗೆ ಹೋಗಬೇಕು. ಹಿಂದಿನ ದಿನವೇ ಮಾವನವರಿಗೆ ಹೇಳಿದ್ದೆ. ಬೆಳಕು ಹರಿದ ಮೇಲೆ ಹೊರಗೆ ಬಂದು ನೋಡಿದರೆ ಅಂಗಳವೆಲ್ಲ ಕೆಂಪು. ಮಾವನವರು ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು.

“ಮಾವಾರ, ಗಾಡಿ ತಗೀಬೇಕ್ರಿ. ಅವ್ವ ಕಾಯಾಕತ್ತಾಳ.”

“ನಿನ್ನೆ ಕೇಳಬೇಕಿತ್ತು.”

“ಹೇಳಿದ್ನೆಲ್ರಿ!”

“ಹೇಳಿದಿ,” ಎಂದರು. “ಕೇಳಲಿಲ್ಲ.”

ಅತ್ತೆ ಬಾಗಿಲಲ್ಲಿ ನಿಂತು ಕಣ್ಣಲ್ಲೇ ಬೇಡಿಕೊಂಡರು: ಕೇಳಿಬಿಡು, ಒಂದು ಮಾತು. ನನಗೂ ಗೊತ್ತಿತ್ತು. “ಹೋಗ್ಲೇನ್ರಿ?” ಅಂದಿದ್ದರೆ ಅವರೇ ಎದ್ದು ಕಾಯಿ ಸರಿಸುತ್ತಿದ್ದರು. ನಾನು ಕಾರಿನಲ್ಲಿ ಕೂತು, ಗೇಟಿನ ಕಡೆ ನೋಡುತ್ತ, ಮೆಣಸಿನಕಾಯಿಯ ಮೇಲೆ ಹಾಯಿಸಿದೆ. ಕಾರಿಗೆ ಸದ್ದಿಲ್ಲ. ಒಣಕಾಯಿ ಮುರಿಯುವ ಸದ್ದು ಮಾತ್ರ ಓಣಿಗೆಲ್ಲ ಕೇಳಿತು. ಕನ್ನಡಿಯಲ್ಲಿ ನೋಡಿದರೆ ಮಾವನವರು ಎದ್ದು ನಿಂತಿದ್ದರು, ಲೋಟ ಕೈಯಲ್ಲೇ ಇತ್ತು.

ಮಾಡಿದ್ದಕ್ಕೆ ನನಗೆ ಇವತ್ತಿಗೂ ಬೇಸರವಿಲ್ಲ. ಅವ್ವನ ಕಣ್ಣು ಸರಿಹೋಯಿತು. ಮಾವನವರು ನನ್ನ ಜೊತೆ ಮಾತು ಬಿಟ್ಟರು. ಬಂದವರೆದುರು ಮಾತ್ರ ನನಗೆ ಕೇಳುವ ಹಾಗೆ ಅನ್ನುತ್ತಿದ್ದರು: “ನಮ್ಮ ಸೊಸಿ ಗಾಡಿ ಅಲ್ಲ, ಗಿರಣಿ ಇಟ್ಟಾಳ. ಖಾರ ಕುಟ್ಟಿಸೂದಿದ್ರ ತಂದ ಕೊಡ್ರಿ.” ಅಂಗಳದಲ್ಲಿ ಮತ್ತೆ ಕಾಯಿ ಹರವಲಿಲ್ಲ.

ಹೋದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅವರಿಗೆ ಎದೆನೋವು ಬಂತು. ನಮ್ಮ ಮನೆಯವರು ಪೆಟ್ರೋಲ್ ಕಾರು ತೆಗೆದುಕೊಂಡು ಪರವೂರಿಗೆ ಹೋಗಿದ್ದರು. ನಾನೂ ಅತ್ತೆಯೂ ಎತ್ತಿ ನನ್ನ ಕಾರಿನಲ್ಲಿ ಕೂರಿಸಿದೆವು. ಅವರು ಒಮ್ಮೆಯೂ ಹತ್ತದಿದ್ದ ಕಾರು ಅದು. ಹಾವೇರಿ ದಾರಿಯಲ್ಲಿ ಹಿಂದಿನಿಂದ ಕ್ಷೀಣ ದನಿ ಬಂತು: “ಸಪ್ಪಳಾನ ಇಲ್ಲ. ಚಾಲೂ ಐತೇನು?”

“ಐತ್ರಿ ಮಾವಾರ.”

“ಚಾರ್ಜು?”

“ಹಾವೇರಿಗಿ ಹೋಗಿ ಬರಾಕ ಸಾಕಷ್ಟ ಐತ್ರಿ.”

“ಬರೂದು ಆಮ್ಯಾಲೆ ನೋಡೂನು,” ಎಂದರು. ಸಾಯುವ ಹೊತ್ತಿನಲ್ಲೂ ನನ್ನ ಗಾಡಿಯ ಮೇಲೆ ಅನುಮಾನ. ನನಗೆ ಹೆದರಿಕೆಯ ನಡುವೆಯೂ ರೇಗಿತು.

ಆಸ್ಪತ್ರೆಯಲ್ಲಿ ಅವರನ್ನು ಸ್ಟ್ರೆಚರಿನ ಮೇಲೆ ಮಲಗಿಸಿ ಒಳಗೆ ತಳ್ಳಿಕೊಂಡು ಹೊರಟರು. ಬಾಗಿಲ ಹತ್ತಿರ ಅವರು ಕೈಯೆತ್ತಿ ತಡೆದರು. ಅತ್ತೆಯ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದರು. ಹೆಬ್ಬೆರಳಿನ ಉಗುರು ಆಗಲೂ ಕೆಂಪಾಗಿಯೇ ಇತ್ತು.

“ಹೋಗ್ಲೇನ ಯವ್ವಾ?”

“ಹೋಗಿ ಬರ್ರಿ ಮಾವಾರ,” ಎಂದೆ. ಅವರು ಬರಲಿಲ್ಲ.

ಪೆಟ್ರೋಲ್ ಕಾರನ್ನು ಆಮೇಲೆ ರಾಣೆಬೆನ್ನೂರಿನಲ್ಲಿ ಮಾರಿದೆವು. ಮಾವನವರು ಹೇಳಿದ ಹಾಗೆಯೇ ಅಲ್ಲಿಯವರು ಕಣ್ಣು ಮುಚ್ಚಿ ತೆಗೆದುಕೊಂಡರು, ಒಳ್ಳೆಯ ಬೆಲೆ ಬಂತು. ಅದೂ ನನಗೆ ಸಿಟ್ಟೇ. ಅಂಗಳದ ಮೆಣಸಿನಕಾಯಿಯನ್ನೂ ಬಂಕಿನ ಫೋನನ್ನೂ ನಾನು ಮರೆತಿಲ್ಲ, ಮರೆಯುವ ಮನಸ್ಸೂ ಇಲ್ಲ. ಅವರನ್ನು ಬೈದುಕೊಂಡೇ ನೆಮ್ಮದಿಯಾಗಿ ಇರಬಹುದಿತ್ತು. ಆದರೆ ಕಾರು ತೆಗೆಯುವಾಗಲೆಲ್ಲ ಅವರ ಆ “ಹೋಗ್ಲೇನ” ಕಿವಿಗೆ ಬೀಳುತ್ತದೆ, ಬೈಗುಳ ಬಾಯಲ್ಲೇ ನಿಲ್ಲುತ್ತದೆ. ಉಳಿದದ್ದನ್ನೆಲ್ಲ ಒಂದು ದಿನ ಕ್ಷಮಿಸಿಯೇನು, ಕೊನೆಗೆ ನನ್ನನ್ನು ಕೇಳಿ ಹೋದದ್ದನ್ನು ಮಾತ್ರ ಕ್ಷಮಿಸಲಾರೆ.